ಒಳ್ಳೆಯ ನಟರಿದ್ದೂ ಪ್ರೇಮಹಾಸ್ಯ ಸೊರಗುವುದೇಕೆ?

ಪ್ರಶ್ನೆ: ಧಾರವಾಡದಲ್ಲಿ ನಡೆಯುವ ಕಥೆ ಎಂದು ಪ್ರಚಾರವಾಗಿದ್ದ ಒಂದು ಪ್ರೇಮಹಾಸ್ಯ ಚಿತ್ರವನ್ನು ಮನೆಮಂದಿ ಐವರು ಹುಬ್ಬಳ್ಳಿಯಲ್ಲಿ ನೋಡಿದೆವು. ನಾಯಕ, ನಾಯಕಿ ಇಬ್ಬರೂ ಹಿಂದೆ ಒಳ್ಳೊಳ್ಳೆಯ ಪಾತ್ರ ಮಾಡಿದವರು. ತಾಯಿಯಾಗಿ ಹಿರಿಯ ನಟಿ, ಜೊತೆಗೆ ನಮ್ಮ ಭಾಗದ ರಂಗಭೂಮಿಯ ಕಲಾವಿದರು. ಆದರೂ ಎರಡೂಕಾಲು ಗಂಟೆಯಲ್ಲಿ ಒಮ್ಮೆಯೂ ಮನಬಿಚ್ಚಿ ನಗಲಿಲ್ಲ, ಆ ಇಬ್ಬರೂ ಕೂಡಲಿ ಎಂದು ಅನ್ನಿಸಲೂ ಇಲ್ಲ. ಕೆಟ್ಟದ್ದು ನಟನೆಯೋ, ಕಥೆಯೋ, ಅಥವಾ ನಮ್ಮ ನಿರೀಕ್ಷೆಯೇ ಹೆಚ್ಚಾಯಿತೋ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ:

ಮಾನ್ಯರೇ,

ನಿಮ್ಮ ನಿರೀಕ್ಷೆ ಹೆಚ್ಚಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರ ಬಂದ ಮೇಲೆ ಆ ಚಿತ್ರವನ್ನು ನಾನು ಇನ್ನೊಮ್ಮೆ ನೋಡಿದೆ. ಮೊದಲ ಸಲ ಬೇಸರದಿಂದ ಎದ್ದು ಬಂದಿದ್ದೆ. ಎರಡನೆಯ ಸಲ ಮಾತ್ರ ಕೈಯಲ್ಲಿ ನೋಟ್‌ಬುಕ್ ಹಿಡಿದು, ಯಾವ ನಟ ಯಾರೊಂದಿಗೆ ಎಷ್ಟು ಹೊತ್ತು ಒಂದೇ ಚೌಕಟ್ಟಿನೊಳಗೆ ಇರುತ್ತಾರೆ ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳುತ್ತ ಕುಳಿತೆ. ಮನೆಗೆ ಬಂದು ಅದನ್ನು ಕೂಡಿಸಿ ನೋಡಿದಾಗ ಅರ್ಧ ಉತ್ತರ ಅಲ್ಲಿಯೇ ಸಿಕ್ಕಿತು. ನಡುವೆ ಮೂರನೆಯವರು ಬಾರದೆ, ಹಾಡು ಬಂದು ನುಂಗದೆ, ನಾಯಕ ಮತ್ತು ನಾಯಕಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಹೊತ್ತು ಇಡೀ ಚಿತ್ರದಲ್ಲಿ ಕಾಲು ಗಂಟೆಯೂ ಆಗುವುದಿಲ್ಲ. ಚಿತ್ರದ ಹೆಸರನ್ನು ನೀವು ಬರೆದಿದ್ದೀರಿ. ನಾನು ಇಲ್ಲಿ ಎತ್ತುವುದಿಲ್ಲ, ಏಕೆಂದರೆ ಈ ದೋಷ ಅದೊಂದರದೇ ಅಲ್ಲ.

ಒಂದು ದೃಶ್ಯವನ್ನು ನಿಮಗೆ ನೆನಪಿಸುತ್ತೇನೆ. ಬೆಂಗಳೂರಿನಿಂದ ಬಂದ ನಾಯಕ ಧಾರವಾಡದ ಮಾಳಮಡ್ಡಿಯ ತನ್ನ ಅಜ್ಜನ ಮನೆಯನ್ನು ಮಾರಬೇಕಾಗಿದೆ. ಬಾಡಿಗೆಗಿದ್ದು ಪಡಸಾಲೆಯಲ್ಲಿ ಸಂಗೀತ ಪಾಠ ಹೇಳುವ ನಾಯಕಿ ಅದನ್ನು ಖಾಲಿ ಮಾಡಬೇಕಾಗಿದೆ. ಅವನು ಒಳಗೆ ಬಂದಾಗ ಅವಳು ತಂಬೂರಿ ಶ್ರುತಿ ಮಾಡುತ್ತಿದ್ದಾಳೆ. ಅವನು ನಿಂತಲ್ಲಿಂದಲೇ, "ಈ ಮನೆ ಮಾರ್ತಾ ಇದ್ದೀನಿ, ಮೂರು ತಿಂಗಳಲ್ಲಿ ಖಾಲಿ ಮಾಡ್ಕೊಡ್ಬೇಕು" ಎನ್ನುತ್ತಾನೆ. ಅವಳು ತಲೆ ಎತ್ತುವುದಿಲ್ಲ, ಬೆರಳು ತಂತಿಯ ಮೇಲೆ ಒಂದು ಕ್ಷಣ ನಿಲ್ಲುತ್ತದೆ, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾಳೆ, ಮತ್ತೆ ಮೀಟಿ ನೋಡಿ, "ಚಹಾ ತಗೋತೀರೇನ್ರಿ?" ಎಂದು ಕೇಳುತ್ತಾಳೆ. ಆ ಮಾತಿನಲ್ಲಿ ಆತಿಥ್ಯವೂ ಇದೆ, ನೀನು ಹೇಳಿದ್ದು ನನ್ನ ಕಿವಿಗೆ ಬಿದ್ದೇ ಇಲ್ಲ ಎಂಬ ಹಟವೂ ಇದೆ, ಹೊತ್ತು ಕಳೆಯುವ ಜಾಣತನವೂ ಇದೆ. ಆ ನಟಿ ಅದನ್ನೆಲ್ಲ ಒಂದೇ ಉಸಿರಿನಲ್ಲಿ ತಂದಿದ್ದಾರೆ. ಇದಕ್ಕೆ ನಾಯಕನ ಮುಖ ಹೇಗೆ ಬದಲಾಗುತ್ತದೆ ಎಂಬುದನ್ನು ನೋಡಲು ನಾವು ಕಾಯುತ್ತಿರುವಾಗಲೇ ಚಿತ್ರ ಅಂಗಳಕ್ಕೆ ಜಿಗಿಯುತ್ತದೆ. ನಾಯಕನ ಗೆಳೆಯ ಸಗಣಿಯ ಮೇಲೆ ಕಾಲಿಟ್ಟು ಜಾರಿ ಬೀಳುತ್ತಾನೆ, ಹಿಂದಿನಿಂದ ಪೀಪಿ ಊದಿದ ಸದ್ದು ಬರುತ್ತದೆ. ನಾವು ಮರಳಿ ಪಡಸಾಲೆಗೆ ಬರುವ ಹೊತ್ತಿಗೆ ನಾಯಕನ ಕೈಯಲ್ಲಿ ಚಹಾದ ಕಪ್ಪು ಇದೆ. ಅವನು ಒಪ್ಪಿದನೇ, ಸಿಟ್ಟಾದನೇ, ಸೋತನೇ, ಯಾವುದೂ ನಮಗೆ ತಿಳಿಯುವುದಿಲ್ಲ. ಆ ನಟನಿಗೆ ಅಲ್ಲಿ ಮಾಡಲು ಬಹಳ ಇತ್ತು, ಅದನ್ನು ಮಾಡಬಲ್ಲವರೂ ಹೌದು. ಅವರ ಹಿಂದಿನ ಚಿತ್ರಗಳನ್ನು ನೋಡಿದ ಯಾರಿಗೂ ಅದು ಗೊತ್ತು. ಆ ಕ್ಷಣವನ್ನೇ ಅವರಿಗೆ ಕೊಡಲಿಲ್ಲ.

ಪ್ರತಿಭೆ ವ್ಯರ್ಥವಾಯಿತು ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಪಾತ್ರ ಚಿಕ್ಕದಾಯಿತು, ಮಾತು ಕಡಿಮೆಯಾಯಿತು ಎಂಬ ಅರ್ಥದಲ್ಲಿ ಹೇಳುತ್ತೇವೆ. ನನ್ನ ಅನುಭವದಲ್ಲಿ ನಟರು ವ್ಯರ್ಥವಾಗುವುದು ಅವರಿಗೆ ಕೇಳಿಸಿಕೊಳ್ಳಲು ಅವಕಾಶವಿಲ್ಲದಾಗ. ಎದುರಿನವರ ಮಾತು ತಾಗಿ ಮುಖದಲ್ಲಿ ಏನಾಯಿತು ಎಂಬುದೇ ಪ್ರೇಮಹಾಸ್ಯದ ಕಥೆ. ಸಾಹಸದ ಚಿತ್ರಕ್ಕೆ ಹೊಡೆದಾಟವಿದ್ದಂತೆ, ಪತ್ತೇದಾರಿ ಚಿತ್ರಕ್ಕೆ ಸುಳಿವು ಇದ್ದಂತೆ, ಇದಕ್ಕೆ ಇರುವ ಏಕೈಕ ಬಂಡವಾಳ ಅದು. ಧಾರವಾಡದ ಸಂಗೀತ ಕಛೇರಿಗಳಲ್ಲಿ ಕುಳಿತವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಎಂಥ ದೊಡ್ಡ ಗಾಯಕರಾದರೂ ತಬಲಾ, ಹಾರ್ಮೋನಿಯಂ ಸಾಥ್ ನೀಡುವವರು ಕಿವಿಗೊಡದೆ ತಮ್ಮ ಪಾಡಿಗೆ ಬಾರಿಸುತ್ತಿದ್ದರೆ ರಾಗ ನಿಲ್ಲುವುದಿಲ್ಲ.

ಕೇಳಿಸಿಕೊಳ್ಳಲು ಒಂದು ಕಾರಣ ಬೇಕು, ಆ ಕಾರಣವನ್ನು ಒದಗಿಸುವುದು ಇಬ್ಬರ ನಡುವಿನ ತಡೆ. ಪ್ರೇಮಹಾಸ್ಯ ನಿಂತಿರುವುದೇ ಈ ತಡೆಯ ಗುಣದ ಮೇಲೆ. 1934ರಲ್ಲಿ ಅಮೆರಿಕದಲ್ಲಿ ಫ್ರ್ಯಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಚಿತ್ರದಲ್ಲಿ ಮನೆ ಬಿಟ್ಟು ಓಡಿಬಂದ ಶ್ರೀಮಂತರ ಮಗಳು ಮತ್ತು ಕೆಲಸ ಕಳೆದುಕೊಂಡ ಪತ್ರಕರ್ತ ಬಸ್ಸಿನಲ್ಲಿ ಜೊತೆಯಾಗಿ, ದಾರಿಯಲ್ಲಿ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಾಗುತ್ತದೆ. ಅವನು ಎರಡು ಮಂಚಗಳ ನಡುವೆ ಹಗ್ಗ ಕಟ್ಟಿ ಒಂದು ಕಂಬಳಿ ತೂಗಹಾಕುತ್ತಾನೆ. ಆ ಚಿತ್ರದ ತಡೆ ಎಂದರೆ ಆ ಕಂಬಳಿ. ಅದರ ಈಚೆ ಒಬ್ಬರು, ಆಚೆ ಒಬ್ಬರು. ಮುಖ ಕಾಣದೆ ದನಿಯಷ್ಟೇ ಕೇಳುವುದರಿಂದ ಇಬ್ಬರೂ ಕಿವಿಗೊಟ್ಟು ಆಲಿಸಲೇಬೇಕು. ಕ್ಲಾರ್ಕ್ ಗೇಬಲ್ ಮತ್ತು ಕ್ಲಾಡೆಟ್ ಕೋಲ್ಬರ್ಟ್ ಇಬ್ಬರಿಗೂ ಆ ಚಿತ್ರಕ್ಕೆ ಆಸ್ಕರ್ ಬಂತು. ಚಿತ್ರ, ನಿರ್ದೇಶನ, ಚಿತ್ರಕಥೆ ಸೇರಿ ಐದು ಮುಖ್ಯ ಪ್ರಶಸ್ತಿಗಳನ್ನೂ ಅದೇ ಪಡೆಯಿತು. ಆರು ವರ್ಷಗಳ ನಂತರ ಅರ್ನ್ಸ್ಟ್ ಲುಬಿಚ್ ಮಾಡಿದ ‘ದ ಶಾಪ್ ಅರೌಂಡ್ ದ ಕಾರ್ನರ್’ ಚಿತ್ರದಲ್ಲಿ ಬುಡಾಪೆಸ್ಟಿನ ಒಂದು ಅಂಗಡಿಯ ಇಬ್ಬರು ನೌಕರರು ಹಗಲೆಲ್ಲ ಜಗಳವಾಡುತ್ತ, ತಮಗೇ ಗೊತ್ತಿಲ್ಲದೆ ಒಬ್ಬರಿಗೊಬ್ಬರು ಪ್ರೇಮಪತ್ರ ಬರೆಯುತ್ತಿರುತ್ತಾರೆ. ನಮ್ಮ ಕನ್ನಡದಲ್ಲಿ 1990ರಲ್ಲಿ ಬಂದ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಯನ್ನು ಇಂದಿಗೂ ಟಿ.ವಿ.ಯಲ್ಲಿ ಬಂದಾಗಲೆಲ್ಲ ಜನ ಕುಳಿತು ನೋಡುವುದು ಇದೇ ಕಾರಣಕ್ಕೆ: ಅನಂತನಾಗ್ ಮತ್ತು ವಿನಯಾ ಪ್ರಸಾದ್ ವಠಾರದಲ್ಲಿ ಎದುರುಬದುರಾದರೆ ಜಗಳ, ಕಾಗದದಲ್ಲಿ ಪ್ರೀತಿ. ಈ ಚಿತ್ರಗಳಲ್ಲೆಲ್ಲ ನಟರು ಒಂದು ಮಾತು ಆಡುವಾಗ ಇನ್ನೊಂದನ್ನು ಮುಚ್ಚಿಟ್ಟುಕೊಂಡಿರುತ್ತಾರೆ ಅಥವಾ ತಿಳಿಯದೆ ಹೊತ್ತುಕೊಂಡಿರುತ್ತಾರೆ. ಮುಚ್ಚಿಟ್ಟದ್ದು ಮುಖದ ಮೇಲೆ ಇಣುಕುವಾಗ ನಾವು ನಗುತ್ತೇವೆ.

ಇದು ಪರದೇಶದಿಂದ ಕಲಿತ ವಿದ್ಯೆಯೂ ಅಲ್ಲ. ಶೃಂಗಾರದಿಂದಲೇ ಹಾಸ್ಯ ಹುಟ್ಟುತ್ತದೆ ಎಂದು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಆ ಗ್ರಂಥವನ್ನು ಕನ್ನಡಕ್ಕೆ ತಂದ ಆದ್ಯ ರಂಗಾಚಾರ್ಯರು, ಅಂದರೆ ನಮ್ಮ ಶ್ರೀರಂಗರು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಕಲಿಸಿದವರು. ಹಾಸ್ಯವನ್ನು ಬೇರೆಲ್ಲಿಂದಲೋ ತಂದು ಪ್ರೇಮಕಥೆಯ ಪಕ್ಕದಲ್ಲಿ ಕೂಡಿಸಬೇಕಾಗಿಲ್ಲ, ಅದು ಪ್ರೇಮದ ಒಳಗಿನಿಂದಲೇ ಬರಬೇಕು ಎಂದು ನಾನು ಆ ಮಾತನ್ನು ಅರ್ಥಮಾಡಿಕೊಂಡಿದ್ದೇನೆ. ಶಾಸ್ತ್ರ ಬೇಡವೆಂದರೆ ನಮ್ಮ ಸೀಮೆಯ ಬಯಲಾಟ ಶ್ರೀಕೃಷ್ಣ ಪಾರಿಜಾತವನ್ನು ನೋಡಿ. ರುಕ್ಮಿಣಿಗೆ ಸಿಕ್ಕ ಒಂದು ಹೂವಿಗಾಗಿ ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ರಮಿಸುತ್ತಾನೆ. ಹೂವಿನಷ್ಟು ಹಗುರವಾದ ಆ ತಡೆಯ ಮೇಲೆ ಕಲಾವಿದರು ಬೆಳಗಿನ ಜಾವದವರೆಗೆ ಆಟ ನಡೆಸುತ್ತಾರೆ, ನಮ್ಮ ಹಳ್ಳಿಗಳ ಜನ ಕಂಬಳಿ ಹೊದ್ದು ಕದಲದೆ ಕೂಡುತ್ತಾರೆ. ಹೂವು ಹಗುರವಾದರೂ ಸತ್ಯಭಾಮೆಯ ಮನಸ್ಸಿಗೆ ಅದು ಹಗುರವಲ್ಲ. ನಾನು ಮುಖ್ಯಳೋ, ಅವಳು ಮುಖ್ಯಳೋ ಎಂಬ ಪ್ರಶ್ನೆ ಅದರಲ್ಲಿದೆ.

ನೀವು ನೋಡಿದ ಚಿತ್ರದಲ್ಲಿ ಮೊದಲು ಅಂಥದೊಂದು ತಡೆ ಇತ್ತು. ಮನೆ ಅವನದು, ಬದುಕು ಅವಳದು. ಒಬ್ಬರು ಗೆದ್ದರೆ ಇನ್ನೊಬ್ಬರು ಕಳೆದುಕೊಳ್ಳುತ್ತಾರೆ. ಇಷ್ಟನ್ನೇ ಕೊನೆಯವರೆಗೆ ಹಿಡಿದು ಬೆಳೆಸಿದ್ದರೆ ಸಾಕಾಗುತ್ತಿತ್ತು. ಆದರೆ ವಿರಾಮದ ಹೊತ್ತಿಗೆ ನಾಯಕನ ಚಿಕ್ಕಪ್ಪ ಮನೆ ಮಾರುವುದು ಬೇಡ ಎಂದು ಒಂದೇ ಮಾತಿನಲ್ಲಿ ಅದನ್ನು ಮುಗಿಸಿಬಿಡುತ್ತಾರೆ, ಆಮೇಲೆ ಕಥೆಯನ್ನು ಎಳೆಯಲು ಒಂದು ತಪ್ಪು ತಿಳಿವಳಿಕೆ ಬರುತ್ತದೆ: ನಾಯಕನೊಂದಿಗೆ ಬೇರೊಬ್ಬ ಹೆಣ್ಣುಮಗಳನ್ನು ನೋಡಿ ನಾಯಕಿ ಮುನಿದು ಗದಗಿನ ತವರಿಗೆ ಹೋಗುತ್ತಾಳೆ, ಆ ಹೆಣ್ಣುಮಗಳು ಅವನ ತಂಗಿ ಎಂದು ಒಂದು ಗಂಟೆಯ ನಂತರ ತಿಳಿಯುತ್ತದೆ. ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿದ್ದ ಸಂಗತಿ ಅದು. ಫೋನು ಇಬ್ಬರ ಕೈಯಲ್ಲಿಯೂ ಇದೆ, ಬೇರೆಯವರೊಂದಿಗೆಲ್ಲ ಮಾತನಾಡುತ್ತಾರೆ, ಇಬ್ಬರೂ ಒಬ್ಬರಿಗೊಬ್ಬರು ಮಾತ್ರ ಫೋನ್ ಮಾಡುವುದಿಲ್ಲ. ಇಷ್ಟು ಬುದ್ಧಿವಂತರು ಹೀಗೇಕೆ ವರ್ತಿಸುತ್ತಾರೆ ಎಂಬ ಪ್ರಶ್ನೆ ನೋಡುವವರ ಮನಸ್ಸಿನಲ್ಲಿ ಎದ್ದ ಕೂಡಲೇ ನಟರ ಕೆಲಸ ಎರಡು ಪಟ್ಟು ಕಷ್ಟವಾಗುತ್ತದೆ. ತಮಗೇ ನಂಬಿಕೆಯಿಲ್ಲದ ದುಃಖವನ್ನು ಅವರು ನಟಿಸಬೇಕಾಗುತ್ತದೆ. ಆ ಇಬ್ಬರೂ ಕೂಡಲಿ ಎಂದು ನಿಮಗೆ ಅನ್ನಿಸದೆ ಹೋದದ್ದು ಸಹಜ. ಅವರನ್ನು ದೂರವಿಟ್ಟದ್ದು ಬರವಣಿಗೆಯ ಅನುಕೂಲವೇ ಹೊರತು ಅವರ ಸ್ವಭಾವವಲ್ಲ.

ಭಾಷೆಯ ಸಂಗತಿಯನ್ನು ನೀವು ಕೇಳಿಲ್ಲ. ಆದರೂ ಇಲ್ಲಿಯ ಮನುಷ್ಯನಾಗಿ ನನಗೆ ಹೆಚ್ಚು ನೋವಾದದ್ದು ಅದರಲ್ಲಿಯೇ. ನಮ್ಮ ಭಾಗದ ಮಾತನ್ನು ಆ ಚಿತ್ರ ಬಳಸಿದ್ದು ನಗಿಸುವ ಸಾಧನವಾಗಿ. ನಾಯಕ, ನಾಯಕಿ ಪ್ರೀತಿಯ ಮಾತಾಡುವಾಗ ಬೆಂಗಳೂರಿನ ಕನ್ನಡ, ಗೆಳೆಯ ಮತ್ತು ಅಡುಗೆಯವರು ಬಂದಾಗ "ಲೇ", "ಮಗನ" ಎಂಬ ಅಬ್ಬರ. ಮಾಳಮಡ್ಡಿಯ ಸಂಗೀತದ ಬಾಯಿಯವರು, ಅಂದರೆ ನಾಯಕಿಯೇ, ಒಂದು ದೃಶ್ಯದಲ್ಲಿ "ಅದ" ಎನ್ನುತ್ತಾರೆ, ಮರುದೃಶ್ಯದಲ್ಲಿ "ಐತಿ" ಎನ್ನುತ್ತಾರೆ. ಯಾವ ಮನೆಯಲ್ಲಿ ಯಾವುದನ್ನು ಆಡುತ್ತಾರೆ ಎಂಬುದು ಇಲ್ಲಿಯ ಸಣ್ಣ ಮಕ್ಕಳಿಗೂ ಗೊತ್ತು. ಹುಬ್ಬಳ್ಳಿ–ಧಾರವಾಡದ ಮಾತಿನ ನಿಜವಾದ ಸವಿ ಅಬ್ಬರದಲ್ಲಿಲ್ಲ, "ರಿ" ಎಂಬ ಒಂದು ಅಕ್ಷರದಲ್ಲಿದೆ. ಹೊಸದಾಗಿ ಪರಿಚಯವಾದ ಇಬ್ಬರು ಹುಡುಗ ಹುಡುಗಿ "ಏನಂದ್ರಿ?", "ಹೌದ್ರಿ", "ಬರ್ತೀನ್ರಿ" ಎಂದು ಮಾತಾಡುತ್ತಿರುತ್ತಾರೆ. ಒಂದು ದಿನ ಯಾವುದೋ ಗಡಿಬಿಡಿಯಲ್ಲಿ ಒಬ್ಬರ ಬಾಯಿಂದ "ಏನಂದಿ?" ಎಂದು ಬಂದುಬಿಡುತ್ತದೆ. ಆಡಿದವರಿಗೂ ಕೇಳಿದವರಿಗೂ ಅದು ತಾಗುತ್ತದೆ, ಇಬ್ಬರೂ ಗಮನಿಸದವರಂತೆ ಮುಂದೆ ಹೋಗುತ್ತಾರೆ. ಮರುದಿನ ಮತ್ತೆ "ರಿ" ಹಚ್ಚಿ ಮಾತಾಡಬೇಕೋ ಬೇಡವೋ ಎಂಬ ಸಂಕಟ ಶುರುವಾಗುತ್ತದೆ. ಇದಕ್ಕಿಂತ ಒಳ್ಳೆಯ ಪ್ರೇಮಹಾಸ್ಯದ ಸಾಮಗ್ರಿಯನ್ನು ಯಾರು ಕೊಡಬಲ್ಲರು? ಧಾರವಾಡದಲ್ಲಿ ಕಥೆ ನಡೆಸಿ, ಉಣಕಲ್ ಕೆರೆಯ ಸೂರ್ಯಾಸ್ತವನ್ನೂ ಪೇಢೆಯ ಪೊಟ್ಟಣವನ್ನೂ ಡ್ರೋನ್ ಹಾರಿಸಿ ತೋರಿಸಿದವರಿಗೆ ಈ ಒಂದು ಅಕ್ಷರ ಕೇಳಿಸಲಿಲ್ಲ. ಇಲ್ಲಿಯ ಕಲಾವಿದರನ್ನು ಕರೆಸಿಕೊಂಡು, ಅವರ ಮಾತನ್ನು ಬೇರೆಯವರಿಂದ ಬರೆಸಿ ಕೊಟ್ಟದ್ದು ಈ ಚಿತ್ರದ ಅತಿ ದೊಡ್ಡ ಪೋಲು ಎಂದು ನಾನು ತಿಳಿಯುತ್ತೇನೆ.

ಚಿತ್ರೀಕರಣದ ವ್ಯವಸ್ಥೆಯ ಕಾರಣವೂ ಇದೆ, ಅದನ್ನು ತೆರೆಯ ಮೇಲೆಯೇ ಗುರುತಿಸಬಹುದು. ಬೇಡಿಕೆಯಲ್ಲಿರುವ ನಟರು ಐದಾರು ಮಂದಿ ಒಂದೇ ಚಿತ್ರದಲ್ಲಿದ್ದಾಗ ಎಲ್ಲರ ಕಾಲ್‌ಶೀಟ್ ಒಂದೇ ದಿನಕ್ಕೆ ಕೂಡಿಬರುವುದು ಕಷ್ಟ. ಚಿತ್ರರಂಗದವರು ಕಾಂಬಿನೇಷನ್ ಎನ್ನುತ್ತಾರಲ್ಲ, ಅದು ಸಿಗದಿದ್ದಾಗ ಒಬ್ಬರ ಕ್ಲೋಸ್‌ಅಪ್‌ಗಳನ್ನು ಒಂದು ದಿನ, ಇನ್ನೊಬ್ಬರದನ್ನು ಮತ್ತೊಂದು ದಿನ ತೆಗೆದು, ಎದುರಿಗೆ ಭುಜ ಕಾಣುವಂತೆ ಬೇರೆ ಯಾರನ್ನೋ ನಿಲ್ಲಿಸಿ, ಸಂಭಾಷಣೆಯನ್ನು ಸಹಾಯಕರೊಬ್ಬರು ಓದಿ ಹೇಳಿ ಕೆಲಸ ಮುಗಿಸುತ್ತಾರೆ. ಹಿರಿಯ ನಟಿ ಮತ್ತು ನಾಯಕಿ ಅಡುಗೆಮನೆಯಲ್ಲಿ ಮಾತಾಡುವ ದೃಶ್ಯವನ್ನು ಇನ್ನೊಮ್ಮೆ ನೋಡಿ. ಇಬ್ಬರ ಮುಖಗಳೂ ಒಂದೇ ಚೌಕಟ್ಟಿನಲ್ಲಿ ಒಮ್ಮೆಯೂ ಬರುವುದಿಲ್ಲ, ಒಬ್ಬರ ದೃಷ್ಟಿ ಇನ್ನೊಬ್ಬರ ಕಣ್ಣಿಗಿಂತ ಒಂದು ಗೇಣು ಮೇಲಕ್ಕೆ ಹೋಗುತ್ತದೆ, ಒಂದು ಶಾಟ್‌ನಲ್ಲಿ ಕಿಟಕಿಯ ಬೆಳಕು ಬೆಳಗಿನದು, ಮರುಶಾಟ್‌ನಲ್ಲಿ ಸಂಜೆಯದು. ಕಾಣದ ವ್ಯಕ್ತಿಯ ಮಾತನ್ನು ಕೇಳಿಸಿಕೊಂಡಂತೆ ನಟಿಸುವುದು ಸಾಧ್ಯವಿಲ್ಲವೆಂದಲ್ಲ. ಆದರೆ ಹಾಸ್ಯದಲ್ಲಿ ಮಾತು ಮತ್ತು ಮರುಮಾತಿನ ನಡುವಿನ ಎಡೆ ಅರೆಕ್ಷಣ ಹೆಚ್ಚುಕಡಿಮೆಯಾದರೂ ನಗು ಸತ್ತುಹೋಗುತ್ತದೆ. ಅದನ್ನು ಸಂಕಲನದ ಮೇಜಿನ ಮೇಲೆ ಹುಟ್ಟಿಸಲು ಬರುವುದಿಲ್ಲ. ಡಬ್ಬಿಂಗ್‌ನಲ್ಲಿ ದನಿಯೂ ಬೇರೆಯಾಗಿ ಬಂದು ಕೂತರೆ ಆ ಎಡೆ ಪೂರ್ತಿ ಇಲ್ಲವಾಗುತ್ತದೆ.

ಕಂಪನಿ ನಾಟಕದವರು ಈ ಎಡೆಯನ್ನು ತಾಲೀಮಿನಿಂದ ಗಳಿಸುತ್ತಿದ್ದರು. ಗದಗಿನ ಗರುಡ ಸದಾಶಿವರಾಯರ ಶ್ರೀ ದತ್ತಾತ್ರೇಯ ನಾಟಕ ಮಂಡಳಿಯಿಂದ ಹಿಡಿದು ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದವರೆಗೆ, ಈ ಸೀಮೆಯ ಕಂಪನಿಗಳು ಊರೂರಿಗೆ ಹೋಗಿ ಕ್ಯಾಂಪ್ ಮಾಡಿ ಆಡುತ್ತಿದ್ದವು. ಅದೇ ಇಬ್ಬರು ನಟರು ಅದೇ ಜಗಳದ ದೃಶ್ಯವನ್ನು ಮತ್ತೆ ಮತ್ತೆ ಆಡಿ, ಮುಂದಿನ ಸಾಲಿನವರು ಎಲ್ಲಿ ನಗುತ್ತಾರೆ, ಹಿಂದಿನ ಸಾಲಿಗೆ ಆ ನಗು ಯಾವಾಗ ಮುಟ್ಟುತ್ತದೆ, ಅದು ಇಳಿಯುವವರೆಗೆ ಮುಂದಿನ ಮಾತನ್ನು ಹೇಗೆ ಹಿಡಿದಿಡಬೇಕು ಎಂಬುದನ್ನೆಲ್ಲ ಮೈಯಲ್ಲಿ ಇಳಿಸಿಕೊಂಡಿರುತ್ತಿದ್ದರು. ಸಿನಿಮಾದಲ್ಲಿ ಅಷ್ಟು ಪ್ರಯೋಗಗಳು ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಚಿತ್ರೀಕರಣಕ್ಕೆ ಮೊದಲು ಹತ್ತು ದಿನ ನಾಯಕ, ನಾಯಕಿಯನ್ನು ಒಂದು ಕೋಣೆಯಲ್ಲಿ ಕೂಡಿಸಿ ಓದಿಸುವುದಕ್ಕೆ ಡ್ರೋನ್‌ನ ಬಾಡಿಗೆಯಷ್ಟೂ ಖರ್ಚಾಗಲಾರದು. ದೊಡ್ಡ ಹೆಸರುಗಳಿದ್ದಾಗ ತಾಲೀಮು ಬೇಕಾಗುವುದಿಲ್ಲ ಎಂಬ ಭ್ರಮೆ ಬಲವಾಗಿರುತ್ತದೆ. ಅವರು ಬಂದು ನಿಂತರೆ ದೃಶ್ಯ ತಾನೇ ನಡೆಯುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ, ಕೆಲವೊಮ್ಮೆ ಆ ನಟರು ಕೂಡ.

ನಟರ ಪಾಲೇ ಇಲ್ಲವೇ ಎಂದರೆ, ಇದೆ. ಬರವಣಿಗೆ ಏನನ್ನೂ ಕೊಡದಿದ್ದಾಗ ಅನುಭವಿ ನಟರು ತಮ್ಮ ಗಂಟಿನಿಂದ ಹಳೆಯ ಸರಕನ್ನು ತೆಗೆಯುತ್ತಾರೆ: ನಾಯಕ ಹುಬ್ಬು ಏರಿಸುತ್ತಾರೆ, ಹಿರಿಯ ನಟಿ ಸೆರಗಿನಿಂದ ಕಣ್ಣೊರೆಸುತ್ತಾರೆ. ನಮಗೆ ಅವು ಪರಿಚಿತವಾದದ್ದರಿಂದ ಒಂದು ಕ್ಷಣ ಹಿತವೆನ್ನಿಸುತ್ತದೆ, ಆಮೇಲೆ ಬೇಸರವಾಗುತ್ತದೆ. ಆದರೂ ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಅಡುಗೆಗೆ ಕಾಳೇ ಕೊಡದೆ ಒಲೆಯ ಮುಂದೆ ಕೂಡಿಸಿದರೆ ಎಂಥವರಾದರೂ ಒಗ್ಗರಣೆಯನ್ನಷ್ಟೇ ಹಾಕಿಯಾರು.

ನಟರಲ್ಲಿ ಕೊರತೆಯಿರಲಿಲ್ಲ ಎಂಬುದಕ್ಕೆ ಅದೇ ಚಿತ್ರದೊಳಗೆ ಒಂದು ಸಾಕ್ಷಿಯಿದೆ, ನೀವು ಬೇಸರದಲ್ಲಿ ಅದನ್ನು ಗಮನಿಸದೆ ಇದ್ದಿರಬಹುದು. ದ್ವಿತೀಯಾರ್ಧದಲ್ಲಿ ನಾಯಕ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಎಂಬ ತ್ವರಿತ ಬಸ್ಸಿನಲ್ಲಿ ಬರುವಾಗ ಹಿಂದಿನ ಸೀಟುಗಳ ಬಳಿ ಸಂಗೀತ ಶಾಲೆಯ ಮುದುಕ ಹಾರ್ಮೋನಿಯಂ ಮಾಸ್ತರರೂ ಪಕ್ಕದ ಮನೆಯ ವಿಧವೆ ಟೀಚರಮ್ಮನೂ ಇರುತ್ತಾರೆ. ಇಬ್ಬರೂ ನಮ್ಮ ಭಾಗದ ರಂಗಕಲಾವಿದರು. ನಾಯಕ ಮುಂದೆ ಕುಳಿತು ಫೋನಿನಲ್ಲಿ ಏನೋ ದೊಡ್ಡದಾಗಿ ಮಾತಾಡುತ್ತಿದ್ದಾನೆ, ಕ್ಯಾಮೆರಾ ಅವನಿಗಾಗಿಯೇ ಅಲ್ಲಿದೆ. ಆದರೆ ಅವನ ಭುಜದ ಹಿಂದೆ ಅವರಿಬ್ಬರೂ ಸ್ಪಷ್ಟವಾಗಿ ಕಾಣುತ್ತಾರೆ. ಮಾಸ್ತರರು ನಿಂತಿದ್ದಾರೆ. ಟೀಚರಮ್ಮನ ಪಕ್ಕದ ಸೀಟಿನಲ್ಲಿ ಅವರ ಕೈಚೀಲವಿದೆ, ಚೀಲದಿಂದ ಮೆಂತೆಯ ಸೊಪ್ಪು ಹೊರಗೆ ಇಣುಕುತ್ತಿದೆ. ಬಸ್ಸು ನವನಗರ ದಾಟುತ್ತದೆ. ಅವರು ಚೀಲವನ್ನು ನೋಡುತ್ತಾರೆ, ಕಿಟಕಿಯನ್ನು ನೋಡುತ್ತಾರೆ, ಯಾರೂ ಹೇಳದೆಯೇ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಮಾಸ್ತರರು ಕೂಡಲೇ ಕೂಡುವುದಿಲ್ಲ; ಮೊದಲು ಟೊಪ್ಪಿಗೆ ತೆಗೆದು, ಅದನ್ನು ಮಡಚಿ ಜೇಬಿನಲ್ಲಿಟ್ಟು, ಆಮೇಲೆ ಸೀಟಿನ ಅಂಚಿಗೆ ಅರ್ಧ ಕುಳಿತು, "ಸತ್ತೂರಿಗೆ ಇಳೀತೀರೇನ್ರಿ?" ಎನ್ನುತ್ತಾರೆ. "ಇಲ್ಲ," ಎನ್ನುತ್ತಾರೆ ಅವರು, ಕಿಟಕಿಯತ್ತಲೇ ಮುಖ ಮಾಡಿ, "ನೀ ಇಳಿಯೂದು ಎಲ್ಲಿ?"

ನನ್ನ ಪಕ್ಕದಲ್ಲಿದ್ದ ಇಬ್ಬರು ಕಾಲೇಜು ಹುಡುಗಿಯರು ಆಗ ನಕ್ಕರು. ಇಡೀ ಪ್ರದರ್ಶನದಲ್ಲಿ ನಾನು ಕೇಳಿದ ನಿಜವಾದ ನಗು ಅದೊಂದೇ.